ಉಗಿ ಎಂಜಿನ್ ಮನೆಯಲ್ಲೇ ಮಾಡಿ, ಬಾಯ್ಲರಿನ ಪರೀಕ್ಷೆ ಮಾತ್ರ ತಪ್ಪಿಸಬೇಡಿ

ಮಾನ್ಯ ಸಂಪಾದಕರೇ,

ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಹತ್ತಿರ ಬಂದಂತೆ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡಿ ಉಗಿ ಎಂಜಿನ್ ಮಾಡಲು ಹೊರಡುತ್ತಾರೆ. ಅವರ ಆಸೆ ಮೆಚ್ಚಬೇಕಾದದ್ದೇ. ಆದರೆ ಬಾಯ್ಲರ್ ಅಂತ ಅವರು ಬೆಂಕಿಯ ಮೇಲಿಡುವುದು ಪೇಂಟಿನ ಡಬ್ಬಿ, ಸೆಂಟಿನ ಖಾಲಿ ಕ್ಯಾನು, ಇಲ್ಲವೇ ಎರಡೂ ತುದಿಗೆ ಮುಚ್ಚಳ ತಿರುಗಿಸಿದ ಜಿ.ಐ. ಪೈಪು. ಸೋರುವ ಕಡೆ ಎಪಾಕ್ಸಿ ಅಂಟು ಮೆತ್ತಿರುತ್ತಾರೆ, ಸೇಫ್ಟಿ ವಾಲ್ವ್ ಇರುವುದೇ ಇಲ್ಲ. ಈ ಪತ್ರ ಬರೆಯಲು ಅದೇ ಕಾರಣ. ಹಳಿಯ ಮೇಲೆ ಓಡುವ, ಒಬ್ಬ ದೊಡ್ಡವರನ್ನು ಕೂರಿಸಿಕೊಂಡು ಎಳೆಯುವ ಉಗಿ ಎಂಜಿನ್ನನ್ನು ಮನೆಯ ವರ್ಕ್‌ಶಾಪಿನಲ್ಲಿ, ಸಿದ್ಧ ಕಿಟ್ ಏನೂ ತರಿಸದೆ, ಮೊದಲ ತಗಡಿನಿಂದ ಕೊನೆಯ ಬೋಲ್ಟಿನವರೆಗೆ ನಾವೇ ಮಾಡಬಹುದು. ಅದಕ್ಕೆ ಬೇಕಾದ ಲೇತ್, ಲೋಹ, ಕೈಚಳಕ ಈ ಮೂರು ಜಿಲ್ಲೆಗಳಲ್ಲೇ ಇದೆ. ಕಟ್ಟಿದ ಬಾಯ್ಲರನ್ನು ಒತ್ತಡಕ್ಕೆ ಹಾಕಿ ನೋಡಿ, ಇದು ತಡೆಯುತ್ತದೆ ಎಂದು ಬರೆದುಕೊಡುವ ಜಾಗ ಮಾತ್ರ ಇಲ್ಲ.

ಈ ಭಾಗಕ್ಕೆ ರೈಲು ಬಂದು ಒಂದೂವರೆ ಶತಮಾನವಾಯಿತು. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದ ಗಾಡಿ ಓಡಲು ಶುರುವಾದದ್ದು 1874ರಲ್ಲಿ. ಬ್ರಾಡ್‌ಗೇಜ್ ಮೇಲೆ ಉಗಿ ಎಂಜಿನ್ನಿನ ದಿನನಿತ್ಯದ ಓಡಾಟ ನಿಂತದ್ದು 1995ರಲ್ಲಿ. ಹಾಗಾಗಿ ಈಗಿನ ವಿದ್ಯಾರ್ಥಿಗಳು ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರಲ್ಲ. ಕಲಿಸಬಲ್ಲವರು ಮಾತ್ರ ಇನ್ನೂ ಇದ್ದಾರೆ. ಶಹಾಬಾದಿನಲ್ಲಿ ವಿದ್ಯುತ್ ಸ್ಥಾವರಗಳ ಬಾಯ್ಲರ್ ಭಾಗ ಮಾಡಿ ನಿವೃತ್ತರಾದ ಫಿಟ್ಟರ್, ವೆಲ್ಡರ್‌ಗಳಿದ್ದಾರೆ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ರೈಲ್ವೆ ಬೋಗಿ ಕಾರ್ಖಾನೆಯೇ ಇದೆ. ಕಲಬುರಗಿಯಲ್ಲಿ ತೊಗರಿಯ ದಾಲ್ ಮಿಲ್‌ಗಳಿಗೆ ಶಾಫ್ಟು, ಬುಶ್ಶು ಲೇತಿನಲ್ಲಿ ತಿರುವಿಕೊಡುವ ಟರ್ನರ್‌ಗಳು ಕೇಳಿದರೆ ಇಲ್ಲ ಎನ್ನುವವರಲ್ಲ. ಬೀದರಿನ ಬಿದ್ರಿ ಕೆಲಸದವರ ಹಾಗೆ ಅರ ಹಿಡಿದು ಅಂಚು ತೀಡುವವರು ಬೇರೆ ಕಡೆ ಸಿಗುವುದು ಕಷ್ಟ. ಇಲ್ಲೊಂದು ಎಚ್ಚರಿಕೆ ಹೇಳಬೇಕು: ಬಿದ್ರಿ ಲೋಹ ಬಹುಪಾಲು ಸತುವು. ಅದರಲ್ಲಿ ಚಕ್ರವನ್ನಾಗಲಿ ಸಿಲಿಂಡರನ್ನಾಗಲಿ ಎರಕ ಹೊಯ್ದರೆ ಬೇಗ ಸವೆಯುತ್ತದೆ, ಪೆಟ್ಟು ಬಿದ್ದರೆ ಮುರಿಯುತ್ತದೆ.

ಮೊದಲು ಅಳತೆಯ ಮಾತು. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿ.ಮೀ. ಹವ್ಯಾಸಿಗಳ ಮೂರೂವರೆ ಇಂಚಿನ ಗೇಜ್ ಅಂದರೆ 89 ಮಿ.ಮೀ., ಹತ್ತೊಂಬತ್ತರಲ್ಲಿ ಒಂದು ಪಾಲು ಎನ್ನಬಹುದು. 45 ಮಿ.ಮೀ. ಗೇಜಿನ ಎಂಜಿನ್ ಮೇಜಿನ ಮೇಲೆ ಚೆಂದ ಕಂಡರೂ ಅದರ ಭಾಗಗಳು ತೀರ ಸಣ್ಣವು, ಜನರನ್ನು ಎಳೆಯುವುದೂ ಇಲ್ಲ. ಐದು ಇಂಚಿನ, ಅಂದರೆ 127 ಮಿ.ಮೀ. ಗೇಜಿನದು ಹಲವರನ್ನು ಎಳೆಯುತ್ತದೆ. ಆದರೆ ಅದನ್ನು ಎತ್ತಲು ಇಬ್ಬರು ಬೇಕು, ಅದರ ಬಾಯ್ಲರ್ ಬೆಸೆಯುವಾಗ ಕಾಯಿಸಲು ಸಣ್ಣ ಗ್ಯಾಸ್ ಟಾರ್ಚ್ ಸಾಲದು. ಮೊದಲ ಸಲ ಮಾಡುವವರಿಗೆ 89 ಮಿ.ಮೀ. ಗೇಜೇ ಸರಿ. ಅದರಲ್ಲೂ ನಾಲ್ಕೇ ಚಕ್ರದ, ಟೆಂಡರ್ (ಹಿಂದೆ ಎಳೆಯುವ ನೀರು, ಕಲ್ಲಿದ್ದಲಿನ ಗಾಡಿ) ಇಲ್ಲದ, ನೀರಿನ ಟ್ಯಾಂಕು ಮೈಮೇಲೇ ಇರುವ ಶಂಟಿಂಗ್ ಎಂಜಿನ್ ಆಗಬೇಕು. ಹಳೆಯ ಎಕ್ಸ್‌ಪ್ರೆಸ್ ಗಾಡಿಗಳ ಡಬ್ಲ್ಯೂಪಿ ಎಂಜಿನ್ನಿನ ಬುಲೆಟ್ ಮೂತಿಗೆ ಮನಸೋತು ಅದನ್ನೇ ಮೊದಲು ಹಿಡಿದವರ ಕೆಲಸ ಹೆಚ್ಚಾಗಿ ಚೌಕಟ್ಟಿನಲ್ಲೇ ನಿಂತುಹೋಗುತ್ತದೆ.

ಮುಂದಿನ ಲೆಕ್ಕವೆಲ್ಲ ಇಂಥ ಶಂಟಿಂಗ್ ಎಂಜಿನ್ನಿನದು: ಚಕ್ರದ ವ್ಯಾಸ 50 ಮಿ.ಮೀ., ಸಿಲಿಂಡರಿನ ಬೋರು (ಒಳವ್ಯಾಸ) 18, ಪಿಸ್ಟನ್ನಿನ ಓಟ 28, ಆಕ್ಸಲ್ 10 ಮಿ.ಮೀ., ಉಗಿಯ ಒತ್ತಡ ಚದರ ಸೆಂಟಿಮೀಟರಿಗೆ 5.5 ಕೆ.ಜಿ. ಬೋರು ಹೆಚ್ಚಿಸಿದರೆ ಎಳೆತ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಲೆಕ್ಕ ಹಾಕಿದರೆ ಈ ಎರಡು ಸಿಲಿಂಡರುಗಳೇ ಚಕ್ರದ ಅಂಚಿನಲ್ಲಿ ಎಂಟೂವರೆ ಕೆ.ಜಿ.ಯಷ್ಟು ಎಳೆತ ಕೊಡುತ್ತವೆ. ಎಂಜಿನ್ನಿನ ತೂಕ ಹತ್ತು ಕೆ.ಜಿ. ಎಂದಿಟ್ಟುಕೊಂಡರೆ ಒಣ ಹಳಿಯ ಮೇಲೆ ಚಕ್ರ ಜಾರದೆ ಎಳೆಯುವುದು ಅದರ ಕಾಲು ಭಾಗ, ಅಂದರೆ ಎರಡೂವರೆ ಕೆ.ಜಿ. ಮಾತ್ರ. ಬೇರಿಂಗ್ ಹಾಕಿದ ಟ್ರಾಲಿಯಲ್ಲಿ ಒಬ್ಬರು ಕೂತರೆ ಸಮತಟ್ಟು ಹಳಿಯಲ್ಲಿ ಬೇಕಾಗುವುದು ಒಂದೂವರೆ ಕೆ.ಜಿ. ಒಳಗೇ. ಬೋರು ದೊಡ್ಡದು ಮಾಡಿದರೆ ಉಗಿ ಬೇಗ ಮುಗಿಯುತ್ತದೆ, ಚಕ್ರ ಜಾರಿ ಸುತ್ತುವುದು ಹೆಚ್ಚುತ್ತದೆ, ಬೇರೇನೂ ಲಾಭವಿಲ್ಲ.

ಯಂತ್ರಗಳ ವಿಷಯದಲ್ಲಿ ಹೆದರಬೇಕಾಗಿಲ್ಲ. ಸೆಂಟರ್ ಎತ್ತರ (ಲೇತಿನ ಹಾಸಿನಿಂದ ತಿರುಗುವ ಅಕ್ಷದವರೆಗಿನ ಎತ್ತರ) 75 ಮಿ.ಮೀ.ಗಿಂತ ಕಡಿಮೆ ಇಲ್ಲದ ಸಣ್ಣ ಲೇತ್, ನಾಲ್ಕು ದವಡೆಯ ಚಕ್, ಬೆಂಚ್ ಡ್ರಿಲ್, ಡಯಲ್ ಇಂಡಿಕೇಟರ್, ವರ್ನಿಯರ್, ಒಳ್ಳೆಯ ಅರಗಳು, ಸಮತಟ್ಟು ಮೇಲ್ಮೈಗೆ ದಪ್ಪ ಗಾಜಿನ ಹಲಗೆ ಇದ್ದರೆ ಸಾಕು. ಶಹಾಬಾದಿ ಫರಸಿ ನುಣುಪಾಗಿ ಕಂಡರೂ ಗುರುತು ಹಾಕುವ ಕೆಲಸಕ್ಕೆ ಸಮತಟ್ಟಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ಡು ಕಾದಿರುತ್ತದೆ, ತಿರುವಿದ ಲೋಹ ಇನ್ನೂ ಕಾದಿರುತ್ತದೆ. ಬಿಸಿ ಇರುವಾಗಲೇ ಸಿಲಿಂಡರಿನ ಬೋರು ಅಳೆದು ಪಿಸ್ಟನ್ ತಿರುವಿದರೆ, 40 ಡಿಗ್ರಿ ಆರಿದ ಮೇಲೆ ಆ 18 ಮಿ.ಮೀ. ಬೋರು ನೂರನೇ ಒಂದು ಮಿ.ಮೀ.ಗಿಂತ ಹೆಚ್ಚು ಕುಗ್ಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆರಲು ಬಿಟ್ಟು ಅಳೆಯಿರಿ.

ಚೌಕಟ್ಟಿಗೆ 3 ಮಿ.ಮೀ. ಎಂ.ಎಸ್. (ಮೃದು ಉಕ್ಕಿನ) ತಗಡು, ಹಾಟ್ ರೋಲ್ಡ್ ಆದರೆ ಒಳ್ಳೆಯದು. ಕೋಲ್ಡ್ ರೋಲ್ಡ್ ತಗಡಿನ ಒಳಗಿನ ಬಿಗುವು ಕತ್ತರಿಸಿದ ಮೇಲೆ ಸಡಿಲಗೊಂಡು ಪಟ್ಟಿ ಬಾಳೆಹಣ್ಣಿನಂತೆ ಬಾಗುತ್ತದೆ. ಎರಡೂ ಪಟ್ಟಿಗಳನ್ನು ಜೋಡಿಸಿ ಬೋಲ್ಟು ಹಾಕಿ, ಒಟ್ಟಿಗೇ ಕೊರೆದು ಒಟ್ಟಿಗೇ ಅರ ಹಾಕಬೇಕು. ಬೇರೆ ಬೇರೆ ಗುರುತು ಮಾಡಿ ಕೊರೆದರೆ ಆಕ್ಸಲ್‌ಗಳು ಚೌಕಕ್ಕೆ ಬರುವುದಿಲ್ಲ, ಎಂಜಿನ್ ಒಂದೇ ಬದಿಯ ಹಳಿಗೆ ಉಜ್ಜುತ್ತ ಓಡುತ್ತದೆ. ಚಕ್ರಗಳ ಬೆನ್ನಿನಿಂದ ಬೆನ್ನಿಗೆ 83.3 ಮಿ.ಮೀ. ಇರಬೇಕಾದ್ದರಿಂದ, ಆಕ್ಸಲ್ ಬಾಕ್ಸಿನ (ಆಕ್ಸಲನ್ನು ಹಿಡಿಯುವ ಬೇರಿಂಗ್ ತುಂಡು) ಚಾಚಿಗೆ ಜಾಗ ಬಿಟ್ಟು, ಚೌಕಟ್ಟಿನ ಹೊರ ಅಳತೆ 74 ಮಿ.ಮೀ. ಇಟ್ಟರೆ ಹೊಂದುತ್ತದೆ.

ಚಕ್ರಕ್ಕೆ ಎರಕದ ಕಬ್ಬಿಣವೇ ಸರಿ. ಬಡಗಿಯಿಂದ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿಸುವಾಗ ಎರಕ ಕುಗ್ಗುವುದಕ್ಕೆ ನೂರಕ್ಕೆ ಒಂದರಷ್ಟು, ತಿರುವಲು ಸುತ್ತಲೂ 2 ಮಿ.ಮೀ. ಹೆಚ್ಚು ಬಿಡಬೇಕು. ಎರಕದ ಮೇಲಿನ ಚರ್ಮ ಬಹಳ ಗಟ್ಟಿ, ಅದರಲ್ಲಿ ಮರಳೂ ಕಚ್ಚಿಕೊಂಡಿರುತ್ತದೆ. ಮೊದಲ ಕಟ್ ಒಂದು ಮಿ.ಮೀ. ಆಳಕ್ಕೆ, ಚರ್ಮದ ಕೆಳಗೇ ಹೋಗಬೇಕು. ಹೆದರಿ ಸ್ವಲ್ಪ ಸ್ವಲ್ಪವೇ ಕೆರೆದರೆ ಟೂಲಿನ ಮೂತಿ ಹೋಗುತ್ತದೆ. ಬೆನ್ನು ಮತ್ತು ಬೋರು ಒಂದೇ ಹಿಡಿತದಲ್ಲಿ ಮುಗಿಸಿ. ಆಮೇಲೆ ನಾಲ್ಕೂ ಚಕ್ರಗಳನ್ನು ಒಂದಾದ ಮೇಲೊಂದು ಒಂದೇ ಮ್ಯಾಂಡ್ರೆಲ್ (ಬೋರಿನಲ್ಲಿ ತೂರಿ ಚಕ್ರ ಹಿಡಿಯುವ ಸರಳು) ಮೇಲೆ ಕೂರಿಸಿ, ಟೂಲಿನ ಸ್ಥಾನ ಕದಲಿಸದೆ ಕೊನೆಯ ಕಟ್ ಕೊಟ್ಟರೆ ನಾಲ್ಕರ ವ್ಯಾಸವೂ ಒಂದೇ ಬರುತ್ತದೆ. ಹಳಿ ಮುಟ್ಟುವ ಭಾಗಕ್ಕೆ ಎರಡು ಮೂರು ಡಿಗ್ರಿ ಇಳಿಜಾರು, ಫ್ಲ್ಯಾಂಜಿನ (ಚಕ್ರದ ಒಳ ಅಂಚಿನ ಚಾಚು) ಬುಡದಲ್ಲಿ ಒಂದೂವರೆ ಮಿ.ಮೀ. ದುಂಡು ಬೇಕು. ಬುಡ ಚೂಪಾಗಿ ಉಳಿದರೆ ತಿರುವಿನಲ್ಲಿ ಫ್ಲ್ಯಾಂಜ್ ಹಳಿಗೆ ಉಜ್ಜುತ್ತದೆ.

ಹೆಚ್ಚಿನವರು ಸೋಲುವುದು ಚಕ್ರಗಳನ್ನು ಆಕ್ಸಲಿಗೆ ಕೂರಿಸುವಾಗ. ಒಂದು ಬದಿಯ ಕ್ರ್ಯಾಂಕ್ ಪಿನ್ (ಚಕ್ರದ ಮೇಲೆ ರಾಡು ಹಿಡಿಯುವ ಗೂಟ) ಇನ್ನೊಂದು ಬದಿಯದಕ್ಕಿಂತ 90 ಡಿಗ್ರಿ ಮುಂದಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು 90 ಆಗಿರುವುದಕ್ಕಿಂತ ಎರಡೂ ಆಕ್ಸಲ್‌ಗಳಲ್ಲಿ ಒಂದೇ ಆಗಿರುವುದು ಮುಖ್ಯ. ಎರಡರಲ್ಲೂ 89 ಇದ್ದರೆ ಎಂಜಿನ್ ನಿರಾಳವಾಗಿ ಓಡುತ್ತದೆ, ಒಂದರಲ್ಲಿ 90 ಇದ್ದು ಇನ್ನೊಂದರಲ್ಲಿ 89 ಇದ್ದರೆ ಹಿಡಿಯುತ್ತದೆ. ಆದ್ದರಿಂದ ಒಂದೇ ಜಿಗ್ (ಕೋನ ಕದಲದಂತೆ ಹಿಡಿಯುವ ಸಾಧನ) ಮಾಡಿ ಎರಡನ್ನೂ ಅದರಲ್ಲೇ ಕೂರಿಸಬೇಕು. ಲಾಕ್‌ಟೈಟ್ ಎಂಬ ಲೋಹದ ಅಂಟು ಬಳಸುವುದಾದರೆ ಆಕ್ಸಲಿಗೂ ಬೋರಿಗೂ ನಡುವೆ 0.03ರಿಂದ 0.05 ಮಿ.ಮೀ. ಸಂದು ಇರಲಿ, ಎರಡೂ ಕಡೆ ಎಣ್ಣೆ ಜಿಡ್ಡು ಪೂರ್ತಿ ತೆಗೆದಿರಲಿ, ಇಡೀ ದಿನ ಮುಟ್ಟದೆ ಬಿಡಿ.

ಒಂದೇ ಬದಿಯ ಎರಡು ಚಕ್ರಗಳನ್ನು ಕೂಡಿಸುವ ಕಪ್ಲಿಂಗ್ ರಾಡು ಹಾಕಿ ಕೈಯಿಂದ ತಳ್ಳಿದಾಗ ಎಲ್ಲಿ ಹಿಡಿಯುತ್ತದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಆ ಜಾಗವೇ ತಪ್ಪು ಯಾವುದೆಂದು ಹೇಳುತ್ತದೆ. ಒಂದು ಬದಿಯ ಪಿನ್ನುಗಳು ತೀರ ಮುಂದೆ ಅಥವಾ ತೀರ ಹಿಂದೆ ಬಂದಾಗ ಹಿಡಿದರೆ ಆ ಬದಿಯ ರಾಡಿನ ಉದ್ದ ಆಕ್ಸಲ್‌ಗಳ ಅಂತರಕ್ಕೆ ಸರಿಯಿಲ್ಲ. ಎರಡೂ ಬದಿಯ ಪಿನ್ನುಗಳು ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಹಿಡಿದರೆ ಕೋನ ತಪ್ಪಿದೆ, ಚಕ್ರ ಬಿಚ್ಚಿ ಮತ್ತೆ ಕೂರಿಸಬೇಕು. ರಾಡಿನ ತೂತು ದೊಡ್ಡದು ಮಾಡಿ ಹೇಗೋ ಓಡುವಂತೆ ಮಾಡುವುದು ಪರಿಹಾರವಲ್ಲ. ಸ್ವಲ್ಪ ದಿನದಲ್ಲೇ ಪಿನ್ನು ಸವೆದು ಗಡಗಡ ಎನ್ನುತ್ತದೆ. ರಾಡಿನ ತೂತುಗಳ ಅಂತರವನ್ನು ಚೌಕಟ್ಟಿನ ಮೇಲಿಂದಲೇ, ಆಕ್ಸಲ್ ಬಾಕ್ಸುಗಳನ್ನು ನಡು ಎತ್ತರದಲ್ಲಿ ನಿಲ್ಲಿಸಿ, ನೇರ ತೆಗೆದುಕೊಂಡರೆ ಮೊದಲ ತಪ್ಪು ಹುಟ್ಟುವುದೇ ಇಲ್ಲ.

ಸಿಲಿಂಡರಿಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಬಳಸಿ. ಹಳೆಯ ಗನ್‌ಮೆಟಲ್ ವಾಲ್ವು, ಹಿಟ್ಟಿನ ಗಿರಣಿಯ ಸವೆದ ಬುಶ್ಶು ಗುಜರಿಯಲ್ಲಿ ಸಿಗುತ್ತವೆ. ಎರಕದವರಿಗೆ ಕೊಟ್ಟು ದಿಮ್ಮಿ ಹೊಯ್ಯಿಸಿಕೊಂಡು ಅದರಿಂದ ಕೆತ್ತಬಹುದು. ಉಕ್ಕಿನ ಸಿಲಿಂಡರ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ವಾಲ್ವ್ ಪೆಟ್ಟಿಗೆ ಚೌಕಟ್ಟಿನ ಒಳಬದಿಗೆ ಬರುವಂತೆ ಇಟ್ಟರೆ ಎಕ್ಸೆಂಟ್ರಿಕ್ಕಿನ (ಆಕ್ಸಲಿನ ಮೇಲೆ ಕೇಂದ್ರ ತಪ್ಪಿಸಿ ಕೂರಿಸಿದ, ವಾಲ್ವನ್ನು ಆಡಿಸುವ ಬಿಲ್ಲೆ) ರಾಡು ನೇರ ವಾಲ್ವಿಗೇ ಹೋಗುತ್ತದೆ, ಚಲನೆ ದಾಟಿಸಲು ನಡುವೆ ರಾಕರ್ ಎಂಬ ತೂಗುಸನ್ನೆ ಬೇಡ.

ವಾಲ್ವಿನ ಅಳತೆಯನ್ನು ಊಹೆಗೆ ಬಿಡುವಂತಿಲ್ಲ. ಉಗಿ ಒಳಹೋಗುವ ಎರಡು ಪೋರ್ಟು (ಕಂಡಿ) ತಲಾ 2.5 ಮಿ.ಮೀ. ಅಗಲ, 10 ಮಿ.ಮೀ. ಉದ್ದ. ನಡುವೆ ಉಗಿ ಹೊರಹೋಗುವ ಪೋರ್ಟು 5 ಮಿ.ಮೀ. ಪೋರ್ಟುಗಳ ನಡುವಿನ ಗೋಡೆ ತಲಾ 2 ಮಿ.ಮೀ. ಒಟ್ಟು 14 ಆಯಿತು. ಪೋರ್ಟುಗಳ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ವಾಲ್ವು ನಡುವಿನಲ್ಲಿದ್ದಾಗ ಎರಡೂ ಕಡೆ 1.25 ಮಿ.ಮೀ. ಹೆಚ್ಚು ಮುಚ್ಚಬೇಕು, ಇದೇ ಲ್ಯಾಪ್. ಆಗ ವಾಲ್ವಿನ ಉದ್ದ 16.5, ಅದರ ಕೆಳಗಿನ ಗುಳಿ 9 ಮಿ.ಮೀ. ಪೋರ್ಟು ಪೂರ್ತಿ ತೆರೆಯಲು ವಾಲ್ವು ಒಟ್ಟು 7.5 ಮಿ.ಮೀ. ಚಲಿಸಬೇಕು. ಹಾಗಾಗಿ ಎಕ್ಸೆಂಟ್ರಿಕ್ಕಿನ ಕೇಂದ್ರ ಆಕ್ಸಲಿನ ಕೇಂದ್ರದಿಂದ 3.75 ಮಿ.ಮೀ. ದೂರ ಇರಬೇಕು. ಪಿಸ್ಟನ್ ತುದಿಗೆ ಬಂದಾಗ ಪೋರ್ಟು ಕೂದಲೆಳೆಯಷ್ಟು, 0.1 ಮಿ.ಮೀ. ತೆರೆದಿರಲಿ. ಇದಕ್ಕೆ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ 111 ಡಿಗ್ರಿ ಮುಂದೆ ಇರಬೇಕಾಗುತ್ತದೆ. ಹಿಂದಕ್ಕೆ ಓಡಲು ಅಷ್ಟೇ ಕೋನ ಆ ಕಡೆಗೆ. ಎಕ್ಸೆಂಟ್ರಿಕ್ಕನ್ನು ಆಕ್ಸಲಿನ ಮೇಲೆ ಸಡಿಲ ಬಿಟ್ಟು, 138 ಡಿಗ್ರಿ ಮಾತ್ರ ಜಾರುವಂತೆ ತಡೆ ಇಟ್ಟರೆ, ಎಂಜಿನ್ನನ್ನು ಕೈಯಿಂದ ಅರ್ಧ ಸುತ್ತು ಹಿಂದೆ ತಳ್ಳಿದ ಕೂಡಲೇ ಅದೇ ರಿವರ್ಸ್ ಆಗುತ್ತದೆ. ವಾಲ್ವು ಆಡಿಸುವ ಇನ್ನೂ ತೊಡಕಿನ ಸ್ಟೀಫನ್‌ಸನ್, ವಾಲ್‌ಶಾರ್ಟ್ ಗೇರುಗಳು ಎರಡನೇ ಎಂಜಿನ್ನಿಗೆ ಇರಲಿ.

ಲ್ಯಾಪ್ ಬಿಟ್ಟು ವಾಲ್ವು ಮಾಡಿದರೂ ಎಂಜಿನ್ ಓಡುತ್ತದೆ, ಅದಕ್ಕೇ ಹಲವರು ಬಿಡುತ್ತಾರೆ. ಆದರೆ ಉಗಿ ಹಿಗ್ಗಿ ಕೆಲಸ ಮಾಡುವ ಮೊದಲೇ ಚಿಮಣಿಯಿಂದ ಹೊರಟುಹೋಗುತ್ತದೆ, ಸಣ್ಣ ಬಾಯ್ಲರು ಅಷ್ಟು ಉಗಿ ಪೂರೈಸಲಾರದು. ಪಿಸ್ಟನ್ನಿಗೆ ಪಂಪಿನ ಗ್ಲ್ಯಾಂಡಿಗೆ ಹಾಕುವ ಗ್ರಾಫೈಟ್ ಹುರಿ ಅಥವಾ ವಿಟಾನ್ ಓ-ರಿಂಗ್ ಹಾಕಿ. ಸಾಮಾನ್ಯ ಕಪ್ಪು ನೈಟ್ರೈಲ್ ರಿಂಗ್ ಈ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ಸಿಲಿಂಡರಿಗೆ ಬೈಕಿನ ಎಂಜಿನ್ ಆಯಿಲ್ ನಡೆಯುವುದಿಲ್ಲ, ಉಗಿ ಅದನ್ನು ತೊಳೆದುಬಿಡುತ್ತದೆ. 460 ದರ್ಜೆಯ ಸ್ಟೀಮ್ ಸಿಲಿಂಡರ್ ಆಯಿಲ್ ಬೇಕು.

ಇಷ್ಟಾದ ಮೇಲೆ ಚೌಕಟ್ಟು, ಚಕ್ರ, ಸಿಲಿಂಡರ್ ಸೇರಿದ ಎಂಜಿನ್ನನ್ನು ಮರದ ದಿಮ್ಮಿಯ ಮೇಲೆ ಚಕ್ರ ಎತ್ತಿಟ್ಟು ಗಾಳಿಯಿಂದ ಓಡಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು, ರೆಗ್ಯುಲೇಟರ್ ಹಾಕಿ ಎರಡು ಕೆ.ಜಿ. ಒತ್ತಡಕ್ಕೆ ಇಳಿಸಿಕೊಳ್ಳಿ. ಚೆನ್ನಾಗಿ ಮಾಡಿದ ಎಂಜಿನ್ ಒಂದು ಕೆ.ಜಿ.ಗಿಂತ ಕಡಿಮೆಗೇ ಸುತ್ತುತ್ತದೆ. ಶಾಲೆಯ ಪ್ರದರ್ಶನಕ್ಕೆ ಹೊರಟವರಿಗೆ ನಮ್ಮ ಮೊದಲ ಮಾತು ಇದು: ಇಲ್ಲಿಗೇ ನಿಲ್ಲಿಸಿ ಗಾಳಿಯಲ್ಲಿ ಓಡಿಸಿ ತೋರಿಸಿ. ಪಿಸ್ಟನ್, ವಾಲ್ವು, ಕ್ರ್ಯಾಂಕು ಎಲ್ಲವೂ ಅದರಲ್ಲಿದೆ, ಕಲಿಯಬೇಕಾದದ್ದು ಬಹುಪಾಲು ಅಲ್ಲೇ ಇದೆ, ಅಪಾಯ ತೀರ ಕಡಿಮೆ.

ಇನ್ನು ಬಾಯ್ಲರು. ಚದರ ಸೆಂಟಿಮೀಟರಿಗೆ 5.5 ಕೆ.ಜಿ. ಎಂದರೆ ಕೇಳಲು ಸಣ್ಣದು. ಬೆಂಕಿಗೂಡಿನ 60 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಒಂದು ಗೋಡೆಯ ಮೇಲೆ ಅದು ಹೇರುವ ಭಾರ 198 ಕೆ.ಜಿ., ಎರಡು ಚೀಲ ತೊಗರಿಯಷ್ಟು. ಆ ಒತ್ತಡದಲ್ಲಿ ನೀರು ಸುಮಾರು 161 ಡಿಗ್ರಿ ಬಿಸಿ ಇರುತ್ತದೆ. ಅರ್ಧ ಲೀಟರ್ ನೀರಿರುವ ಬಾಯ್ಲರು ಸೀಳಿದರೆ ಆ ಬಿಸಿಯ ಬಲದಿಂದ ಒಂಬತ್ತರಲ್ಲಿ ಒಂದು ಪಾಲು ನೀರು ಕ್ಷಣದಲ್ಲಿ ಉಗಿಯಾಗಿ 90 ಲೀಟರಿಗೂ ಹೆಚ್ಚು ಜಾಗಕ್ಕೆ ಹಿಗ್ಗುತ್ತದೆ. ಉಳಿದ ನೀರು ಕುದಿಯುತ್ತ ಮೈಮೇಲೆ ಬರುತ್ತದೆ.

ಡಬ್ಬಿಯ ಬಾಯ್ಲರು ಏಕೆ ಕೂಡದು ಎಂಬುದಕ್ಕೆ ಬೆಸುಗೆಯೇ ಕಾರಣ. ರೇಡಿಯೊ ರಿಪೇರಿಯವರು ಬಳಸುವ ತವರ–ಸೀಸದ ಬೆಸುಗೆ 183 ಡಿಗ್ರಿಗೆ ಕರಗತೊಡಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ನೀರು ತಳ ಮುಟ್ಟಿ ತಗಡು ಬರಿದಾದ ಕೂಡಲೇ ಬೆಂಕಿ ಅದನ್ನು ನೂರಾರು ಡಿಗ್ರಿಗೆ ಏರಿಸುತ್ತದೆ, ಬೆಸುಗೆ ಬಿಡುತ್ತದೆ. ಬಾಯ್ಲರಿಗೆ ಬೇಕಾದದ್ದು ಬೆಳ್ಳಿ ಬೆಸುಗೆ, ನೂರಕ್ಕೆ 45ರಿಂದ 55 ಬೆಳ್ಳಿ ಇರುವುದು. ಅದು ಕರಗುವುದು 630ರಿಂದ 680 ಡಿಗ್ರಿಯ ನಡುವೆ. ಕ್ಯಾಡ್ಮಿಯಂ ಇಲ್ಲದ ಕಡ್ಡಿಯನ್ನೇ ಕೇಳಿ ತನ್ನಿ, ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಎಸಿ, ಫ್ರಿಜ್ ರಿಪೇರಿಯವರ ಹತ್ತಿರ ಇರುವ ತಾಮ್ರ–ರಂಜಕದ ಕಡ್ಡಿ ಅಗ್ಗ. ಆದರೆ ಬೆಂಕಿಗೂಡಿಗೆ ಅದನ್ನು ಬಳಸಬಾರದು, ಕಲ್ಲಿದ್ದಲಿನ ಹೊಗೆಯ ಗಂಧಕ ಅದನ್ನು ತಿನ್ನುತ್ತದೆ.

ಬಾಯ್ಲರಿನ ಮೈ 64 ಮಿ.ಮೀ. ಹೊರವ್ಯಾಸದ, 1.6 ಮಿ.ಮೀ. ದಪ್ಪದ ತಾಮ್ರದ ಕೊಳವೆ. ಇಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ವಿಚಾರಿಸಬಹುದು. ಕೊಳವೆ ಸಿಗದಿದ್ದರೆ ಅದೇ ದಪ್ಪದ ತಗಡು ಸುತ್ತಿ, ಕೂಡುವಲ್ಲಿ ಒಳಗಿನಿಂದ 20 ಮಿ.ಮೀ. ಪಟ್ಟಿ ಕೊಟ್ಟು ಬೆಸೆಯಬೇಕು. ಹಳೆಯ ತಾಮ್ರದ ಹಂಡೆ, ಕೊಡಗಳ ತಗಡು ತೀರ ತೆಳು, ಬಡಿದು ಬಡಿದು ಎಲ್ಲೆಲ್ಲೋ ಇನ್ನೂ ತೆಳುವಾಗಿರುತ್ತದೆ, ಅದು ಬೇಡ. ಮುಂದಿನ ಹಿಂದಿನ ಫಲಕಗಳಿಗೆ 2.5 ಮಿ.ಮೀ. ತಾಮ್ರ. ಹೊಗೆ ಹೋಗುವ ಕೊಳವೆಗಳಿಗೆ ಎಸಿಯವರ 3/8 ಇಂಚಿನ ತಾಮ್ರದ ಪೈಪೇ ಹೊಂದುತ್ತದೆ, 150 ಮಿ.ಮೀ. ಉದ್ದದ ಎಂಟು ತುಂಡು. ಇದಕ್ಕಿಂತ ಸಪೂರ ಕೊಳವೆ ಬೂದಿಯಿಂದ ಕಟ್ಟಿಕೊಳ್ಳುತ್ತದೆ, ದಪ್ಪದ್ದಾದರೆ ಬಿಸಿ ನೀರಿಗೆ ಸೇರದೆ ಚಿಮಣಿಗೆ ಹೋಗುತ್ತದೆ. ದುಂಡು ಮೈ ಒತ್ತಡವನ್ನು ತಾನೇ ತಡೆಯುತ್ತದೆ, ಬೆಂಕಿಗೂಡಿನ ಚಪ್ಪಟೆ ಗೋಡೆ ತಡೆಯದು. ಅಲ್ಲಿ ಒಳಗೋಡೆಗೂ ಹೊರಗೋಡೆಗೂ ನಡುವೆ 4 ಮಿ.ಮೀ. ತಾಮ್ರದ ಸರಳು, ಪ್ರತಿ 16 ಮಿ.ಮೀ.ಗೆ ಒಂದರಂತೆ, ಎರಡೂ ಕಡೆ ಬೆಸೆದು ಹಾಕಬೇಕು. ಹಿತ್ತಾಳೆಯ ಸರಳು, ಹಿತ್ತಾಳೆಯ ಬುಶ್ಶು ಬಾಯ್ಲರಿನಲ್ಲಿ ಎಲ್ಲೂ ಬೇಡ. ನೀರು ಹಿತ್ತಾಳೆಯ ಸತುವನ್ನು ಎಳೆದುಕೊಂಡು ಪೊಳ್ಳು ತಾಮ್ರ ಬಿಡುತ್ತದೆ, ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ. ಬುಶ್ಶುಗಳೆಲ್ಲ ಗನ್‌ಮೆಟಲ್ ಇರಲಿ.

ಫಲಕದ ಅಂಚು ಮಡಚುವಾಗ ತಾಮ್ರವನ್ನು ಮಂದ ಕೆಂಪಿಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಬೇಕು. ಸುತ್ತಿಗೆಗೆ ಗಟ್ಟಿ ಅನ್ನಿಸಿದ ಕೂಡಲೇ ಮತ್ತೆ ಕಾಯಿಸಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಬಿರಿಯುತ್ತದೆ. ಕಪ್ಪು ತೆಗೆಯಲು ಕಿರಾಣಿ ಅಂಗಡಿಯ ನಿಂಬೆ ಉಪ್ಪಿನ ಬಿಸಿ ನೀರು ಸಾಕು. ಬ್ಯಾಟರಿ ಆಸಿಡ್ ಬಳಸುವುದೇ ಆದರೆ ಆಸಿಡ್ಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡ್ಡಿಗೆ ಎಂದೂ ಸುರಿಯಬಾರದು. ಬೆಸೆಯುವ ಸಂದು 0.05ರಿಂದ 0.1 ಮಿ.ಮೀ. ಇರಲಿ. ತೀರ ಬಿಗಿಯಾದರೆ ಬೆಸುಗೆ ಒಳಗೆ ಇಳಿಯುವುದಿಲ್ಲ, ಹೊರಗೆ ಮಾತ್ರ ಚೆಂದದ ಉಂಗುರ ಕಾಣುತ್ತದೆ.

ನಮ್ಮ ಊರಿನ ಬಿಸಿಲಿನಲ್ಲಿ ಮಂದ ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ಬೆಸುಗೆಯ ಕೆಲಸ ಸಂಜೆ ಮಬ್ಬಿನಲ್ಲಿ, ಗಾಳಿಯಾಡುವ ಶೆಡ್ಡಿನಲ್ಲಿ ಇಟ್ಟುಕೊಳ್ಳಿ. ತಾಮ್ರ ಬಿಸಿಯನ್ನು ಮೈತುಂಬ ಹಂಚಿಬಿಡುವುದರಿಂದ ಗ್ಯಾಸ್ ವೆಲ್ಡಿಂಗಿನ ಚೂಪು ಜ್ವಾಲೆಗಿಂತ ಪ್ರೊಪೇನಿನ ಅಗಲ ಬರ್ನರ್ ಒಳ್ಳೆಯದು. ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ ಇಡೀ ತುಂಡನ್ನೇ ಕಾಯಿಸಬೇಕು. ಸಂದಿಗೆ ಹಚ್ಚಿದ ಫ್ಲಕ್ಸ್ (ಬೆಸುಗೆ ಹರಿಯಲು ನೆರವಾಗುವ ಪುಡಿ) ಮೊದಲು ಬುರುಗುತ್ತದೆ, ಆಮೇಲೆ ತಿಳಿಯಾಗಿ ಗಾಜಿನ ಹಾಗೆ ಹರಡುತ್ತದೆ. ಆಗ ಕಡ್ಡಿ ಮುಟ್ಟಿಸಿದರೆ ಬೆಳ್ಳಿಗೆರೆ ಸಂದಿನ ಸುತ್ತ ಒಂದೇ ಓಟಕ್ಕೆ ಹರಿದು ಆ ಬದಿಗೂ ಇಣುಕುತ್ತದೆ. ಫ್ಲಕ್ಸ್ ಕಪ್ಪಾದ ಮೇಲೆ ಎಷ್ಟು ಕಡ್ಡಿ ತಿನ್ನಿಸಿದರೂ ಅದು ಗುಂಡುಗುಂಡಾಗಿ ನಿಲ್ಲುತ್ತದೆ. ಆರಿಸಿ, ತೊಳೆದು, ಹೊಸದಾಗಿ ಶುರುಮಾಡುವುದೊಂದೇ ದಾರಿ.

ಈಗ ಪರೀಕ್ಷೆ. ಬಾಯ್ಲರನ್ನು ಗಾಳಿ ತುಂಬಿ ಪರೀಕ್ಷಿಸಲೇಬಾರದು. ಒತ್ತಿದ ಗಾಳಿಯಲ್ಲಿ ಶಕ್ತಿ ಕೂಡಿರುತ್ತದೆ, ಸೀಳಿದರೆ ಬಾಂಬಿನಂತೆ ಹಾರುತ್ತದೆ. ತಣ್ಣೀರು ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಬೆಸುಗೆ ಬಿಟ್ಟರೆ ಒಂದು ಚಿಲುಮೆ ಚಿಮ್ಮಿ ಮುಗಿಯುತ್ತದೆ. ಹಾಗಾಗಿ ಬಾಯ್ಲರನ್ನು ಓರೆ ಮಾಡಿ ಒಳಗಿನ ಗಾಳಿ ಪೂರ್ತಿ ಹೋಗುವಂತೆ ತಣ್ಣೀರು ತುಂಬಿ, ಕೈಪಂಪಿನಿಂದ ನಿಧಾನ ಒತ್ತಡ ಏರಿಸಬೇಕು. ಪ್ರತಿ ಎರಡು ಕೆ.ಜಿ.ಗೆ ನಿಲ್ಲಿಸಿ, ಚಪ್ಪಟೆ ಗೋಡೆಗಳಿಗೆ ಅಡ್ಡಪಟ್ಟಿ ಇಟ್ಟು ಉಬ್ಬಿದೆಯೇ ನೋಡಬೇಕು. ಕೆಲಸದ ಒತ್ತಡದ ಎರಡು ಪಟ್ಟು, ಅಂದರೆ 11 ಕೆ.ಜಿ.ಗೆ ತಂದು ಅರ್ಧ ಗಂಟೆ ಬಿಡಬೇಕು. ಮುಳ್ಳು ಇಳಿಯಬಾರದು, ಗೋಡೆ ಉಬ್ಬಿ ಉಳಿಯಬಾರದು. ಇದರಲ್ಲಿ ಗೆದ್ದ ಮೇಲೆಯೇ ಬೆಂಕಿ. ಉಗಿ ಏರಿಸಿ, ಎಂಜಿನ್ ನಿಲ್ಲಿಸಿಟ್ಟು, ಬೆಂಕಿ ಜೋರು ಮಾಡಿದಾಗ ಸೇಫ್ಟಿ ವಾಲ್ವೊಂದೇ, ಒತ್ತಡವನ್ನು ಐದೂವರೆಯ ಮೇಲೆ ನೂರಕ್ಕೆ ಹತ್ತರಷ್ಟೂ ಏರದಂತೆ ತಡೆಯಬೇಕು. ಹಾಗೆ ತಡೆಯದಿದ್ದರೆ ವಾಲ್ವಿನ ತೂತು ಸಣ್ಣದಾಯಿತು, ಬೇರೆ ಮಾಡಬೇಕು. ನೀರು ಕಾಣುವ ಗಾಜು, ಒತ್ತಡದ ಗೇಜು, ನೀರು ಒಳತಳ್ಳಲು ಆಕ್ಸಲಿನಿಂದ ನಡೆಯುವ ಪಂಪಿನ ಜೊತೆಗೆ ಒಂದು ಕೈಪಂಪು, ಇವುಗಳಲ್ಲಿ ಯಾವುದೂ ಐಚ್ಛಿಕವಲ್ಲ.

ನೀರಿನ ಬಗ್ಗೆ ಒಂದು ಮಾತು. ನಮ್ಮದು ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡಸು. ನಲ್ಲಿ ತುದಿಯಲ್ಲಿ ಕಟ್ಟುವ ಬಿಳಿ ಪದರವೇ ಬಾಯ್ಲರಿನಲ್ಲೂ ಕಟ್ಟುತ್ತದೆ, ಅದರ ಹಿಂದೆ ತಾಮ್ರ ಕಾದು ಬೆಸುಗೆ ಹಾಳಾಗುತ್ತದೆ. ಸೋಸಿದ ಮಳೆನೀರು ಎಲ್ಲಕ್ಕಿಂತ ಉತ್ತಮ. ಓಟ ಮುಗಿದ ಮೇಲೆ ಸ್ವಲ್ಪ ಒತ್ತಡ ಇರುವಾಗಲೇ ತಳದ ಕಾಕ್ ತೆರೆದು ಕೆಸರು ಹೊರಬಿಡಬೇಕು.

ಬಾಯ್ಲರ್ ಕಾಯ್ದೆಯಲ್ಲಿ 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವ ಬಾಯ್ಲರುಗಳನ್ನು ಹೊರಗಿಟ್ಟಿದ್ದಾರೆ. ಅಂದರೆ ಅರ್ಧ ಲೀಟರಿನ ಈ ಬಾಯ್ಲರನ್ನು ನೋಡಲು ಯಾವ ಇನ್‌ಸ್ಪೆಕ್ಟರರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬ್ರಿಟನ್ನಿನಲ್ಲಿ ಹವ್ಯಾಸಿ ಕ್ಲಬ್ಬುಗಳೇ ಪರೀಕ್ಷಕರನ್ನಿಟ್ಟು ಈ ಕೆಲಸ ಮಾಡುತ್ತವೆ. ನಮ್ಮಲ್ಲಿ ಅಂಥ ಕ್ಲಬ್ಬು ಹುಟ್ಟುವವರೆಗೆ ಕಾಯಬೇಕಾಗಿಲ್ಲ. ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ಕುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಒತ್ತಡದ ಗೇಜು ಸರಿಯಿದೆಯೇ ನೋಡುವ ಡೆಡ್ ವೇಟ್ ಟೆಸ್ಟರ್ ಇರುತ್ತದೆ. ಕೈಪಂಪು ದೊಡ್ಡ ಖರ್ಚಿನದಲ್ಲ. ಕಲಬುರಗಿ, ಬೀದರ, ಯಾದಗಿರಿಯಲ್ಲಿ ತಲಾ ಒಂದು ಸಂಸ್ಥೆ ತಿಂಗಳಿಗೊಂದು ಶನಿವಾರ ತನ್ನ ವರ್ಕ್‌ಶಾಪಿನ ಒಂದು ಬೆಂಚನ್ನು ಹವ್ಯಾಸಿಗಳಿಗೂ ಶಾಲಾ ಮಕ್ಕಳಿಗೂ ಬಿಟ್ಟುಕೊಡಲಿ. ಶಹಾಬಾದಿನ ನಿವೃತ್ತ ಬಾಯ್ಲರ್ ಕೆಲಸಗಾರರನ್ನು ಗೌರವಧನ ಕೊಟ್ಟು ಕರೆಯಲಿ, ಬೆಸುಗೆ ನೋಡಿ ಹೇಳುವ ಅವರ ಕಣ್ಣಿಗೆ ಸಮನಾದ ಉಪಕರಣ ಕಾಲೇಜಿನಲ್ಲಿಲ್ಲ. ಶಿಕ್ಷಣ ಇಲಾಖೆಯವರು ವಸ್ತುಪ್ರದರ್ಶನದ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಲಿ: ಪರೀಕ್ಷೆಯ ಹಾಳೆ ಇಲ್ಲದ ಯಾವ ಬಾಯ್ಲರಿಗೂ ಪ್ರದರ್ಶನದಲ್ಲಿ ಬೆಂಕಿ ಹಾಕುವಂತಿಲ್ಲ, ಗಾಳಿಯಿಂದ ಓಡುವ ಮಾದರಿಗೆ ಅಡ್ಡಿಯಿಲ್ಲ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದ ಆವರಣದಲ್ಲಿ 89 ಮತ್ತು 127 ಮಿ.ಮೀ. ಎರಡೂ ಗೇಜಿಗೆ ಹೊಂದುವ ಮೂರು ಹಳಿಯ ಒಂದು ಸಣ್ಣ ದಾರಿ ಹಾಕಿದರೆ ಮಾಡಿದವರಿಗೆ ಓಡಿಸಲು ಜಾಗವಾಗುತ್ತದೆ.

ಪರೀಕ್ಷೆಯ ಹಾಳೆ ಒಂದೇ ಪುಟ ಇದ್ದರೆ ಸಾಕು. ಬಾಯ್ಲರಿನ ನಂಬರು, ತಾಮ್ರದ ದಪ್ಪ, ಯಾವ ಬೆಸುಗೆ, ಕೆಲಸದ ಒತ್ತಡ, ನೀರಿನ ಪರೀಕ್ಷೆಯ ಒತ್ತಡ ಮತ್ತು ಸಮಯ, ಸೇಫ್ಟಿ ವಾಲ್ವು ತೆರೆದ ಒತ್ತಡ, ಬಳಸಿದ ಗೇಜನ್ನು ಕೊನೆಯ ಸಲ ಸರಿನೋಡಿದ ದಿನಾಂಕ, ನೋಡಿದವರ ಸಹಿ. ಅದೇ ನಂಬರನ್ನು ಬಾಯ್ಲರಿನ ಗನ್‌ಮೆಟಲ್ ಬುಶ್ಶಿನ ಮೇಲೆ ಪಂಚ್ ಮಾಡಬೇಕು, ತಾಮ್ರದ ಮೈಮೇಲೆ ಮಾಡಬಾರದು. ನೀರಿನ ಪರೀಕ್ಷೆಯನ್ನು ಆಗಾಗ ಮತ್ತೆ ಮಾಡಬೇಕು, ಆಗ ಎರಡು ಪಟ್ಟು ಬೇಡ, ಒಂದೂವರೆ ಪಟ್ಟು ಸಾಕು.

ಇಂತಿ,
ಮನೆ ವರ್ಕ್‌ಶಾಪಿನ ಹವ್ಯಾಸಿಗಳು, ಕಲಬುರಗಿ